ಶಾಲೆ ಕೆಲಸ ಬಿಟ್ಟು ಬೇರೆ ದಾರಿಗೆ: ಜೂನ್‌ನಿಂದ ಏಪ್ರಿಲ್‌ವರೆಗಿನ ಕ್ರಿಯಾಯೋಜನೆ

ತುಮಕೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ 12 ವರ್ಷ ವಿಜ್ಞಾನ ಪಾಠ ಮಾಡಿದೆ. ಈಗ ಐದು ವರ್ಷದಿಂದ ಬೆಂಗಳೂರಿನ ಒಂದು ಇ-ಲರ್ನಿಂಗ್ ಕಂಪನಿಯಲ್ಲಿದ್ದೇನೆ. ಆಸ್ಪತ್ರೆ, ಬ್ಯಾಂಕು, ಕಾರ್ಖಾನೆಗಳ ಸಿಬ್ಬಂದಿ ಕಂಪ್ಯೂಟರಿನಲ್ಲಿ ಕಲಿಯುವ ಪಾಠಗಳನ್ನು ಬರೆಯುವುದು ನನ್ನ ಕೆಲಸ. ಆಗಾಗ ಫೋನ್ ಬರುತ್ತದೆ, ಹಳೆಯ ಸ್ಟಾಫ್ ರೂಮಿನಿಂದಲೋ, ಗೆಳತಿಯ ಗೆಳತಿಯಿಂದಲೋ. "ನಾನೂ ಬಿಡ್ಬೇಕು ಅಂತಿದೀನಿ ಕಣೆ, ಎಲ್ಲಿಂದ ಶುರು ಮಾಡ್ಲಿ?"

ಎಲ್ಲರಿಗೂ ನಾನು ಹೇಳುವುದು ಇಷ್ಟೇ. ರಾಜೀನಾಮೆ ಪತ್ರ ಕೊನೆಗೆ ಬರೆಯಿರಿ. ಮೊದಲು ಕ್ರಿಯಾಯೋಜನೆ ಬರೆಯಿರಿ. ಪ್ರತಿ ಜೂನ್‌ನಲ್ಲಿ ಯಾವ ತಿಂಗಳು ಯಾವ ಘಟಕ, ಎಷ್ಟು ಪೀರಿಯಡ್ ಎಂದು ಬರೆದು ಹೆಡ್ ಮೇಡಂ ಸಹಿ ಹಾಕಿಸುತ್ತೇವಲ್ಲ, ಅಂಥದ್ದೇ ಒಂದು. ಶಾಲೆಯ ವರ್ಷವೇ ಇದಕ್ಕೆ ಒಳ್ಳೆಯ ಚೌಕಟ್ಟು. ಸಂಬಳ ಬರುತ್ತಿರುವಾಗಲೇ ಹುಡುಕಾಟ ನಡೆಯುತ್ತದೆ, ದಸರಾ ರಜೆ ಅಭ್ಯಾಸಕ್ಕೆ ಸಿಗುತ್ತದೆ, ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟ ಪಾಪವೂ ಬರುವುದಿಲ್ಲ.

ಜೂನ್, ಜುಲೈ: ಬೇಸರ ಯಾವುದರದ್ದು?

ಒಂದು 40 ಪೇಜಿನ ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ವಾರ, ದಿನಕ್ಕೆ ಮೂರೇ ಸಾಲು. ಇವತ್ತು ಯಾವ ಹೊತ್ತಿನಲ್ಲಿ ಜೀವ ಹಿಂಡಿತು, ಯಾವ ಹೊತ್ತಿನಲ್ಲಿ ಟೈಮ್ ಹೋಗಿದ್ದೇ ಗೊತ್ತಾಗಲಿಲ್ಲ, ಯಾವ ಕೆಲಸವನ್ನು ಮುಂದಕ್ಕೆ ತಳ್ಳಿದೆ.

ನನ್ನ ನೋಟ್‌ಬುಕ್ಕಿನಲ್ಲಿ ಕ್ಲಾಸಿನ ಬಗ್ಗೆ ಒಂದೇ ಒಂದು ದೂರು ಇರಲಿಲ್ಲ. ಇದ್ದದ್ದೆಲ್ಲ ಬೇರೆ. ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ತಾಣ ಸ್ಯಾಟ್ಸ್‌ನಲ್ಲಿ ಎಂಟ್ರಿ ಮಾಡುವಾಗ ಸರ್ವರ್ ನಿಂತದ್ದು. ಅಡ್ಮಿಷನ್ ಸೀಸನ್‌ನಲ್ಲಿ ಮನೆಮನೆಗೆ ಹೋಗಿ ಪಾಂಪ್ಲೆಟ್ ಹಂಚಿದ್ದು. ಎಫ್‌ಎ-1 (ವರ್ಷದ ಮೊದಲ ಕಿರುಪರೀಕ್ಷೆ) ಅಂಕಗಳನ್ನು ಮೂರು ಕಡೆ ಬರೆದದ್ದು. ಖುಷಿಯ ಸಾಲುಗಳು ಮಾತ್ರ ನನಗೇ ಆಶ್ಚರ್ಯ ತಂದವು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡಿದ ದಿನ, ಕಷ್ಟದ ಪಾಠಕ್ಕೆ ಹೊಸ ಚಟುವಟಿಕೆ ಕಟ್ಟಿದ ದಿನ. ಅಂದರೆ ನನಗೆ ಇಷ್ಟ ಇದ್ದದ್ದು ಪಾಠ ಕಟ್ಟುವ ಕೆಲಸ. ಅದು ಆ ನೋಟ್‌ಬುಕ್ ಇಲ್ಲದೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನಿಮ್ಮ ನೋಟ್‌ಬುಕ್ ಬೇರೆ ಹೇಳಬಹುದು. ದೂರುಗಳೆಲ್ಲ ಒಬ್ಬ ಪ್ರಿನ್ಸಿಪಾಲರ ಸುತ್ತಲೇ ಇದ್ದರೆ ನಿಮಗೆ ಬೇಕಿರುವುದು ಇನ್ನೊಂದು ಶಾಲೆ, ಇನ್ನೊಂದು ವೃತ್ತಿ ಅಲ್ಲ. ಬೆಳಗ್ಗೆ ಏಳರ ಬಸ್ಸೇ ಸಮಸ್ಯೆ ಆಗಿದ್ದರೆ ಬೆಂಗಳೂರಿನ ಕಂಪನಿ ಕೆಲಸ ಅದನ್ನು ದುಪ್ಪಟ್ಟು ಮಾಡುತ್ತದೆ. ಇಷ್ಟು ಹೇಳಿ ಇಬ್ಬರು ಗೆಳತಿಯರನ್ನು ನಾನೇ ವಾಪಸ್ ಶಾಲೆಗೆ ಕಳಿಸಿದ್ದೇನೆ.

ಆಗಸ್ಟ್: ದುಡ್ಡಿನ ಲೆಕ್ಕ

ಮನೆಯವರ ಜೊತೆ ಕೂತು ಮಾಡಬೇಕಾದ ಕೆಲಸ ಇದು. ಒಬ್ಬರೇ ಮಾಡಿದರೆ ಒಂದಲ್ಲ ಒಂದು ಖರ್ಚು ತಪ್ಪಿಹೋಗುತ್ತದೆ.

ತಿಂಗಳ ಖರ್ಚು, ಸಾಲದ ಕಂತು, ಚೀಟಿ, ಎಲ್‌ಐಸಿ ಬರೆಯಿರಿ. ಅದರ ಕೆಳಗೆ ಶಾಲೆ ಬಿಟ್ಟರೆ ಕೈತಪ್ಪುವ ಸೌಲಭ್ಯಗಳನ್ನು ಬರೆಯಿರಿ. ಖಾಸಗಿ ಶಾಲೆಯವರು ಇಲ್ಲಿ ಎಡವುತ್ತಾರೆ. ನಿಮ್ಮ ಮಗು ಅದೇ ಶಾಲೆಯಲ್ಲಿ ಅರ್ಧ ಫೀಸಿಗೆ ಓದುತ್ತಿದ್ದರೆ, ನೀವು ಬಿಟ್ಟ ಮರುವರ್ಷ ಪೂರ್ತಿ ಫೀಸು ಕಟ್ಟಬೇಕು. ಶಾಲಾ ಬಸ್ಸು ಪುಕ್ಕಟೆ ಇತ್ತೇ? ಸಂಜೆ ಟ್ಯೂಷನ್ನಿಂದ ಎಷ್ಟು ಬರುತ್ತಿತ್ತು? ಹೊಸ ಕೆಲಸದಲ್ಲಿ ಸಂಜೆ ಐದಕ್ಕೆ ಮನೆಯಲ್ಲಿರುವುದು ಕಷ್ಟ, ಟ್ಯೂಷನ್ ನಿಲ್ಲುತ್ತದೆ. ಚಿಕ್ಕ ಮಕ್ಕಳಿದ್ದರೆ ಬೇಸಿಗೆ ರಜೆಗೂ ಒಂದು ಬೆಲೆ ಇದೆ. ಏಪ್ರಿಲ್, ಮೇನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ನನಗೆ ಶಾಲೆಯಲ್ಲಿ ಕೊನೆಗೆ 27,500 ಕೈಗೆ ಬರುತ್ತಿತ್ತು, ಟ್ಯೂಷನ್ನಿಂದ ಇನ್ನೊಂದು 8,000. ಹೊಸ ಕೆಲಸದ ಮೊದಲ ಸಂಬಳ 26,000. ಮೊದಲ 14 ತಿಂಗಳು ನಾನು ಹಿಂದಕ್ಕೇ ಹೋಗಿದ್ದೆ. ಆರು ತಿಂಗಳ ಖರ್ಚಿನಷ್ಟು ದುಡ್ಡು ಆರ್‌ಡಿಯಲ್ಲಿ ಇಟ್ಟುಕೊಂಡಿದ್ದಕ್ಕೆ ಬಚಾವಾದೆ. ನಿಮ್ಮ ಗುರಿಯೂ ಅದೇ ಇರಲಿ: ಆರು ತಿಂಗಳ ಖರ್ಚು. ಆಗಸ್ಟ್‌ನಲ್ಲಿ ಕೂಡಿಡಲು ಶುರು ಮಾಡಿದರೂ ಏಪ್ರಿಲ್‌ಗೆ ಒಂದಿಷ್ಟು ಆಗುತ್ತದೆ. ಆಗದಿದ್ದರೆ ಇನ್ನೊಂದು ವರ್ಷ ಕಾಯಿರಿ, ಅದರಲ್ಲಿ ಅವಮಾನ ಏನಿಲ್ಲ.

ಸೆಪ್ಟೆಂಬರ್: ಕೆಲಸವನ್ನು ಬಿಡಿಬಿಡಿ ಮಾಡಿ, ದಾರಿ ಆರಿಸಿ

"ನಂಗೆ ಪಾಠ ಮಾಡೋದು ಬಿಟ್ರೆ ಏನೂ ಬರಲ್ಲ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಾದರೆ ಯೂನಿಟ್ ಟೆಸ್ಟ್ ನೀಲನಕ್ಷೆ ಮಾಡಿದವರು ಯಾರು? ಪೋಷಕರ ಸಭೆಯಲ್ಲಿ ಮೇಜು ಕುಟ್ಟಿದ ಅಪ್ಪನನ್ನು ಸಮಾಧಾನ ಮಾಡಿ ಕಳಿಸಿದವರು ಯಾರು? ವಾರ್ಷಿಕೋತ್ಸವಕ್ಕೆ ಶಾಮಿಯಾನದವನು, ಮೈಕಿನವನು, 60 ಮಕ್ಕಳ ಡ್ರೆಸ್ಸು, ಊಟ ಎಲ್ಲ ಹೊಂದಿಸಿದವರು? ಇವೆಲ್ಲ ಬೇರೆ ಕಡೆ ಸಂಬಳ ಕೊಟ್ಟು ಮಾಡಿಸುವ ಕೆಲಸಗಳು, ಹೆಸರು ಮಾತ್ರ ಬೇರೆ.

ಒಂದು ದಿನದ ಟೈಮ್‌ಟೇಬಲ್ ಎದುರಿಗಿಟ್ಟುಕೊಂಡು ಪ್ರತಿ ಪೀರಿಯಡ್ಡಿನಲ್ಲಿ ನಿಜವಾಗಿ ಏನು ಮಾಡುತ್ತೀರಿ ಎಂದು ಬರೆಯಿರಿ. ಆಮೇಲೆ ಜುಲೈನ ನೋಟ್‌ಬುಕ್ ಪಕ್ಕಕ್ಕಿಡಿ. ಖುಷಿ ಕೊಟ್ಟ ಕೆಲಸ ಯಾವುದೋ ಅದರ ಕಡೆಗೆ ಹೋಗುವ ದಾರಿ ಹುಡುಕಬೇಕು. ನಾನು ಹತ್ತಿರದಿಂದ ನೋಡಿದ ದಾರಿಗಳು ಇವು.

ಇನ್‌ಸ್ಟ್ರಕ್ಷನಲ್ ಡಿಸೈನ್. ಪಾಠ ಕಟ್ಟುವುದು ಇಷ್ಟ ಇರುವವರಿಗೆ. ವಿಷಯ ತಿಳಿದವರೊಬ್ಬರ ಜೊತೆ ಮಾತಾಡಿ, ಅದನ್ನು ಸ್ಕ್ರೀನ್ ಮೇಲೆ ಕಲಿಯುವ ಪಾಠವಾಗಿ ಬರೆಯುವ ಕೆಲಸ. ಬಿ.ಎಡ್‌ನಲ್ಲಿ ಉರು ಹೊಡೆದ, ಕಲಿಕೆಯ ಹಂತಗಳನ್ನು ಪಟ್ಟಿ ಮಾಡುವ ಬ್ಲೂಮ್‌ನ ವರ್ಗೀಕರಣ ಇಲ್ಲಿ ದಿನಾ ಬಳಕೆಗೆ ಬರುತ್ತದೆ. 1956ರ ಆ ಪಟ್ಟಿಯನ್ನು 2001ರಲ್ಲಿ ಪರಿಷ್ಕರಿಸಿದರು, ಇಂಟರ್‌ವ್ಯೂನಲ್ಲಿ ಹೊಸದನ್ನೇ ಹೇಳಿ. ಇಂಗ್ಲಿಷ್ ಬರವಣಿಗೆ ಚೆನ್ನಾಗಿರಬೇಕು. ಮಾತು ತಡವರಿಸಿದರೆ ನಡೆಯುತ್ತದೆ, ಬರವಣಿಗೆ ತಡವರಿಸಿದರೆ ನಡೆಯುವುದಿಲ್ಲ.

ಕಂಪನಿ ತರಬೇತುದಾರರು. ಜನರ ಮುಂದೆ ನಿಂತು ಮಾತಾಡುವುದೇ ನಿಮ್ಮ ಜೀವಾಳ ಆಗಿದ್ದರೆ ಇದು. ಗಾರ್ಮೆಂಟ್ಸ್, ಆಸ್ಪತ್ರೆ, ಬ್ಯಾಂಕ್, ಕಾಲ್ ಸೆಂಟರ್, ಎಲ್ಲ ಕಡೆ ಹೊಸಬರಿಗೆ ತರಬೇತಿ ಇದೆ. ಕಾರ್ಖಾನೆಗಳಲ್ಲಿ ಕನ್ನಡದಲ್ಲೇ ತರಬೇತಿ ಕೊಡುವವರು ಬೇಕು. ನಮ್ಮವರು ಅರ್ಜಿ ಹಾಕುವುದಿಲ್ಲ, ಅಷ್ಟೇ.

ಶಿಕ್ಷಣ ಕ್ಷೇತ್ರದ ಸಂಸ್ಥೆಗಳು. ಅಜೀಂ ಪ್ರೇಮ್‌ಜಿ ಫೌಂಡೇಶನ್, ಅಕ್ಷರ ಫೌಂಡೇಶನ್, ಪ್ರಥಮ್ ಇಂಥವು ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುತ್ತವೆ. ತರಗತಿ ನೋಡಿದ ಅನುಭವಕ್ಕೆ ಇಲ್ಲಿ ಬೆಲೆ ಇದೆ. ಓಡಾಟ ಮಾತ್ರ ಜಾಸ್ತಿ. ಯಾವ ಜಿಲ್ಲೆಗೆ ಹಾಕಿದರೂ ಹೋಗುವ ಮನಸ್ಸಿರಬೇಕು.

ಎಡಿಟಿಂಗ್, ಅನುವಾದ. ಭಾಷಾ ಶಿಕ್ಷಕರಿಗೆ ಸಹಜ ದಾರಿ. ಪ್ರಕಾಶಕರಿಗೆ ಕರಡು ತಿದ್ದುವುದು, ಆ್ಯಪ್‌ಗಳ ಕನ್ನಡ ಪಠ್ಯ ನೋಡುವುದು, ಗೈಡ್ ಬರೆಯುವುದು. ನೀವು ಹಳೆಯ ನುಡಿ ಫಾಂಟಿನಲ್ಲೇ ಟೈಪ್ ಮಾಡುವವರಾದರೆ ಮೊದಲು ಯೂನಿಕೋಡ್ ಕೀಲಿಮಣೆ ಕಲಿಯಿರಿ. ನುಡಿ ಫೈಲು ಕಳಿಸಿದರೆ ಆ ಕಡೆ ಬರೀ ಗೀಚಿದ ಅಕ್ಷರ ಕಾಣುತ್ತದೆ, ನಿಮಗೆ ಎರಡನೇ ಫೈಲು ಬರುವುದೇ ಇಲ್ಲ. ಪೂರ್ಣಾವಧಿ ಸಂಬಳ ಈ ದಾರಿಯಲ್ಲಿ ತಕ್ಷಣ ಹುಟ್ಟುವುದು ಕಷ್ಟ. ಒಂದು ವರ್ಷ ಪಕ್ಕದ ಕೆಲಸವಾಗಿ ಮಾಡಿ ನೋಡಿ.

ಕೌನ್ಸೆಲಿಂಗ್, ವಿಶೇಷ ಶಿಕ್ಷಣ. ಮನಸ್ಸು ಇದ್ದರೆ ಸಾಲದು, ಓದು ಬೇಕು. ವಿಶೇಷ ಶಿಕ್ಷಕರಾಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಎರಡು ಭಾನುವಾರದ ಜೂಮ್ ಕೋರ್ಸಿಗೆ ದುಡ್ಡು ಸುರಿದು "ಸರ್ಟಿಫೈಡ್ ಕೌನ್ಸೆಲರ್" ಎಂದು ಬೋರ್ಡ್ ಹಾಕಬೇಡಿ. ಯಾರದೋ ಮಗುವಿನ ವಿಷಯ ಅದು.

ಎಡ್‌ಟೆಕ್. ಕೋವಿಡ್ ಸಮಯದಲ್ಲಿ ಈ ಆನ್‌ಲೈನ್ ಪಾಠದ ಕಂಪನಿಗಳು ಶಿಕ್ಷಕರನ್ನು ಕೈ ಬೀಸಿ ಕರೆದವು. ಬೈಜೂಸ್ ನಡೆಸುವ ಕಂಪನಿಯ ಮೇಲೆ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಶುರುವಾದದ್ದು ಗೊತ್ತೇ ಇದೆ. ಹಾಗಂತ ಆ ಕಡೆ ನೋಡಲೇಬೇಡಿ ಎನ್ನುವುದಿಲ್ಲ. ಹುದ್ದೆಯ ಹೆಸರು ನೋಡಿ ಮೋಸ ಹೋಗಬೇಡಿ ಅಷ್ಟೇ. "ಅಕಾಡೆಮಿಕ್ ಕೌನ್ಸೆಲರ್" ಎಂದು ಬರೆದಿದ್ದರೆ ಎಷ್ಟೋ ಸಲ ಅದು ಫೋನಿನಲ್ಲಿ ಕೋರ್ಸ್ ಮಾರುವ ಕೆಲಸ. ತಿಂಗಳಿಗೆ ಟಾರ್ಗೆಟ್ ಎಷ್ಟು ಎಂದು ಮೊದಲ ಮಾತುಕತೆಯಲ್ಲೇ ಕೇಳಿ.

ಪ್ರತಿ ಸ್ಟಾಫ್ ರೂಮಿನಲ್ಲೂ ಒಬ್ಬರು ಇನ್ಶೂರೆನ್ಸ್ ಏಜೆನ್ಸಿ ಮಾಡಿ ಎಂದು ಹೇಳುತ್ತಾರೆ. ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮೊದಲ ಹತ್ತು ಪಾಲಿಸಿ ನಿಮ್ಮ ನೆಂಟರಿಗೇ ಮಾರಬೇಕಾಗುತ್ತದೆ, ಹನ್ನೊಂದನೆಯದು ಯಾರಿಗೆ ಎಂದು ಯೋಚಿಸಿ ಇಳಿಯಿರಿ. ಬ್ಯಾಂಕ್ ಪರೀಕ್ಷೆ ಕನಸಿದ್ದವರು ವಯಸ್ಸಿನ ಮಿತಿ ನೋಡಿ. ಐಬಿಪಿಎಸ್ ಪರೀಕ್ಷೆಯ ಪಿಒ (ಬ್ಯಾಂಕ್ ಅಧಿಕಾರಿ) ಹುದ್ದೆಗೆ ಸಾಮಾನ್ಯ ವರ್ಗದವರಿಗೆ 30.

ಒಂದು ದಾರಿ ಆರಿಸಿದ ಮೇಲೆ ಆ ಕೆಲಸ ಮಾಡುತ್ತಿರುವ ಮೂವರ ಜೊತೆ 20 ನಿಮಿಷ ಮಾತಾಡಿ. ಎಲ್ಲಿ ಸಿಗುತ್ತಾರೆ ಎನ್ನಬೇಡಿ. 12 ವರ್ಷ ಪಾಠ ಮಾಡಿದವರ ಹಳೆಯ ವಿದ್ಯಾರ್ಥಿಗಳು ಎಲ್ಲ ಕಡೆ ಇರುತ್ತಾರೆ. ನನಗೆ ದಾರಿ ತೋರಿಸಿದ್ದು ಹತ್ತನೇ ಕ್ಲಾಸಿನಲ್ಲಿ ಕೊನೆ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. "ಮಿಸ್, ನೀವು ನನ್ಹತ್ರ ಕೇಳ್ತೀರಾ!" ಎಂದು ನಕ್ಕ. ಸಂಕೋಚ ಒಂದು ನಿಮಿಷದ್ದು. ಕೆಲಸ ಕೊಡಿಸು ಎಂದು ಮಾತ್ರ ಕೇಳಬೇಡಿ. ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದೆ ಎಂದು ಕೇಳಿ. ಅದರಲ್ಲೇ ಎಲ್ಲ ಗೊತ್ತಾಗುತ್ತದೆ.

ದಸರಾ ರಜೆ: ಒಂದೇ ಒಂದು ಸ್ಯಾಂಪಲ್

ಈ ರಜೆಯಲ್ಲಿ ಕೋರ್ಸ್ ಸೇರಬೇಡಿ. ಒಂದು ವಸ್ತು ತಯಾರು ಮಾಡಿ. ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ, ಮಾಡಿ ತೋರಿಸಿದ ಕೆಲಸ ಇರುವವರು ಕಡಿಮೆ. ತರಬೇತುದಾರರಾಗುವವರು 10 ನಿಮಿಷದ ವಿಡಿಯೋ ಮಾಡಿಕೊಳ್ಳಿ. ಎಡಿಟಿಂಗ್‌ಗೆ ಹೋಗುವವರು ನಾಲ್ಕು ಪುಟ ತಿದ್ದಿ, ತಿದ್ದುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಎರಡನ್ನೂ ಪಕ್ಕಪಕ್ಕ ಇಡಿ.

ನಾನು ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಷಯ: ಹೋಟೆಲ್ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಏನು ಮಾಡಬೇಕು. ಕಲಿಯುವವರು: ಏಳನೇ ಕ್ಲಾಸು ಓದಿದ, 19 ವರ್ಷದ ಸಹಾಯಕ. ಪಾಠದ ಅವಧಿ ಐದು ನಿಮಿಷ.

ಮೊದಲ ಸಲ ನಾನು ಬರೆದ ಉದ್ದೇಶ ಹೀಗಿತ್ತು: "ಎಲ್‌ಪಿಜಿಯ ಗುಣಲಕ್ಷಣಗಳನ್ನು ತಿಳಿಯುವರು." ಪಕ್ಕಾ ಪಾಠಯೋಜನೆ ಭಾಷೆ. ಆ ಹಳೆಯ ವಿದ್ಯಾರ್ಥಿ ಅದನ್ನು ನೋಡಿ, "ತಿಳ್ಕೊಂಡು ಏನ್ ಮಾಡ್ತಾನೆ ಮಿಸ್?" ಎಂದ. ಎರಡು ದಿನ ಕೋಪ ಬಂತು. ಮೂರನೇ ದಿನ ಹೀಗೆ ಬರೆದೆ: "ವಾಸನೆ ಬಂದ ಕೂಡಲೇ ರೆಗ್ಯುಲೇಟರ್ ಬಂದ್ ಮಾಡುತ್ತಾನೆ, ಯಾವ ಸ್ವಿಚ್ಚನ್ನೂ ಮುಟ್ಟುವುದಿಲ್ಲ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು ಗ್ಯಾಸ್ ಸಹಾಯವಾಣಿ 1906ಕ್ಕೆ ಫೋನ್ ಮಾಡುತ್ತಾನೆ." ಶಾಲೆಯ ಪಾಠಕ್ಕೂ ಕೆಲಸದ ಜಾಗದ ಪಾಠಕ್ಕೂ ಇರುವ ಅಂತರ ಇಷ್ಟೇ. ಅಲ್ಲಿ ಏನು ಗೊತ್ತಾಯಿತು ಎಂದು ಕೇಳುತ್ತಾರೆ, ಇಲ್ಲಿ ನಾಳೆ ಏನು ಮಾಡುತ್ತಾನೆ ಎಂದು ಕೇಳುತ್ತಾರೆ.

ಆಮೇಲೆ ಸ್ಟೋರಿಬೋರ್ಡ್. ಹೆಸರು ಕೇಳಿ ಹೆದರಬೇಡಿ, ನಾಲ್ಕು ಕಾಲಂ ಇರುವ ಟೇಬಲ್ ಅಷ್ಟೇ. ಸ್ಕ್ರೀನ್ ನಂಬರ್, ಕಾಣುವ ಚಿತ್ರ, ಕೇಳುವ ಮಾತು, ಕಲಿಯುವವನು ಮಾಡಬೇಕಾದ್ದು. ನನ್ನ ಮೊದಲ ಸ್ಕ್ರೀನಿನಲ್ಲಿ ಪಾಠವೇ ಇರಲಿಲ್ಲ. ಬೆಳಗಿನ ಜಾವದ ಕತ್ತಲ ಅಡುಗೆಮನೆ, ಗ್ಯಾಸ್ ವಾಸನೆ, ಕೈ ಲೈಟ್ ಸ್ವಿಚ್ಚಿನ ಹತ್ತಿರ. "ಈಗ ಏನು ಮಾಡ್ತೀಯ?" ಮೂರು ಆಯ್ಕೆ. ತಪ್ಪು ಆರಿಸಿದವನಿಗೆ ಯಾಕೆ ತಪ್ಪು ಎಂದು ಎರಡನೇ ಸ್ಕ್ರೀನ್ ಹೇಳುತ್ತದೆ. ಒಟ್ಟು ಎಂಟು ಸ್ಕ್ರೀನ್. ಪವರ್‌ಪಾಯಿಂಟ್‌ನಲ್ಲೇ ಮಾಡಿದೆ. ನಮ್ಮ ಬೀದಿಯ ಕೊನೆಯ ಹೋಟೆಲಿನ ಹುಡುಗನಿಗೆ ತೋರಿಸಿದಾಗ ಅವನು ಮೂರನೇ ಸ್ಕ್ರೀನಿನಲ್ಲಿ ತಡವರಿಸಿದ, ಅದನ್ನು ಸರಿ ಮಾಡಿದೆ. ಇಂಟರ್‌ವ್ಯೂನಲ್ಲಿ ಜಾಸ್ತಿ ಹೊತ್ತು ಮಾತಾಡಿದ್ದು ಆ ಮೂರನೇ ಸ್ಕ್ರೀನ್ ಬಗ್ಗೆಯೇ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ಆರ್ಟಿಕ್ಯುಲೇಟ್ ಸ್ಟೋರಿಲೈನ್ ಈ ಕೆಲಸದಲ್ಲಿ ತುಂಬ ಬಳಕೆಯಲ್ಲಿದೆ. ಅದಕ್ಕೆ ದುಡ್ಡು ಜಾಸ್ತಿ, ಆದರೆ 30 ದಿನ ಪುಕ್ಕಟೆ ಬಳಸಬಹುದು. ಸ್ಟೋರಿಬೋರ್ಡ್ ಪೂರ್ತಿ ಸಿದ್ಧವಾದ ಮೇಲೇ ಅದನ್ನು ಡೌನ್‌ಲೋಡ್ ಮಾಡಿ. ಮೊದಲೇ ಮಾಡಿದರೆ 30 ದಿನ ಬಟನ್ ಒತ್ತುವುದರಲ್ಲೇ ಕಳೆದುಹೋಗುತ್ತದೆ. ಆನ್‌ಲೈನ್ ಪಾಠಕ್ಕೆ ಬಳಸುವ ಮೂಡಲ್, ಎಚ್5ಪಿ ಪುಕ್ಕಟೆ ಸಿಗುತ್ತವೆ. ಓದಲೇಬೇಕು ಎನ್ನಿಸಿದರೆ ಕೇಂದ್ರ ಸರ್ಕಾರದ ಸ್ವಯಂ ತಾಣದ ಕೋರ್ಸುಗಳನ್ನು ದುಡ್ಡಿಲ್ಲದೆ ಕಲಿಯಬಹುದು, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಶುಲ್ಕ. ಇಗ್ನೋದಲ್ಲಿ ಇ-ಲರ್ನಿಂಗ್ ಪಿ.ಜಿ. ಡಿಪ್ಲೊಮಾ ಇದೆ. 80,000 ಕೊಡಿ, ಕೆಲಸ ಗ್ಯಾರಂಟಿ ಎನ್ನುವ ಸಂಸ್ಥೆ ಸಿಕ್ಕರೆ, ಗ್ಯಾರಂಟಿಯನ್ನು ಬರೆದುಕೊಡಿ ಎಂದು ಕೇಳಿ ನೋಡಿ.

ನವೆಂಬರ್, ಡಿಸೆಂಬರ್: ರೆಸ್ಯೂಮೆ

ಶಿಕ್ಷಕರ ರೆಸ್ಯೂಮೆ ನೋಡಿದರೆ ಮದುವೆ ಬಯೋಡೇಟಾ ನೆನಪಾಗುತ್ತದೆ. ತಂದೆ ಹೆಸರು, ಜಾತಿ, ಹವ್ಯಾಸ, ಕೆಳಗೆ "ಮೇಲಿನ ಮಾಹಿತಿ ಸತ್ಯ" ಎಂದು ಸಹಿ. ಅದೆಲ್ಲ ತೆಗೆಯಿರಿ. ಎರಡು ಪುಟ ಸಾಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊನೆಗೆ ಹೋಗಲಿ, ದಸರಾ ಸ್ಯಾಂಪಲ್ಲಿನ ಲಿಂಕ್ ಮೇಲಕ್ಕೆ ಬರಲಿ.

ನಿಮ್ಮ ಕೆಲಸವನ್ನು ಹೊರಗಿನವರಿಗೆ ಅರ್ಥವಾಗುವ ಹಾಗೆ ಬರೆಯಿರಿ. "8ರಿಂದ 10ನೇ ತರಗತಿಗೆ ವಿಜ್ಞಾನ ಬೋಧನೆ" ಎಂದರೆ ಅವರಿಗೆ ಏನೂ ಕಾಣುವುದಿಲ್ಲ. "ವರ್ಷಕ್ಕೆ 180 ವಿದ್ಯಾರ್ಥಿಗಳಿಗೆ ಪಾಠ, ಚಟುವಟಿಕೆ, ಪರೀಕ್ಷೆ ಮೂರನ್ನೂ ಸ್ವಂತ ತಯಾರಿಸಿದೆ, ಹೊಸದಾಗಿ ಬಂದ 6 ಶಿಕ್ಷಕರಿಗೆ ತರಬೇತಿ ಕೊಟ್ಟೆ" ಎಂದರೆ ಕಾಣುತ್ತದೆ. ಎಫ್‌ಎ, ಎಸ್‌ಎ, ಸಿಸಿಇ, ಎಸ್‌ಡಿಎಂಸಿ, ಸಿಆರ್‌ಪಿ, ಇವು ನಮ್ಮ ಮನೆಮಾತು, ಅವರಿಗೆ ಗೊತ್ತಿಲ್ಲ. ಸಂಖ್ಯೆ ಬರೆಯುವಾಗ ನಿಜವಾದದ್ದೇ ಬರೆಯಿರಿ. ಯಾರಾದರೂ "ಹೇಗೆ ಎಣಿಸಿದಿರಿ" ಎಂದರೆ ಉತ್ತರ ಇರಬೇಕು, ಅಲ್ವಾ?

ಲಿಂಕ್ಡ್‌ಇನ್ ಖಾತೆ ತೆರೆಯಿರಿ, ಆದರೆ "ಕೆಲಸ ಹುಡುಕುತ್ತಿದ್ದೇನೆ" ಎಂಬ ಹಸಿರು ಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಮ್ಯಾನೇಜ್‌ಮೆಂಟಿನವರೂ ಲಿಂಕ್ಡ್‌ಇನ್ ನೋಡುತ್ತಾರೆ. ನೇಮಕಾತಿ ಮಾಡುವವರಿಗೆ ಮಾತ್ರ ತೋರಿಸುವ ಸೆಟ್ಟಿಂಗ್ ಇದೆ, ಅದನ್ನೂ ನಂಬಿ ಕೂರಬೇಡಿ.

ಈ ಹೊತ್ತಿಗೆ ವಾಟ್ಸ್‌ಆ್ಯಪ್‌ಗೆ ಮನೆಯಲ್ಲೇ ಕೂತು ದಿನಕ್ಕೆ 3,000 ಎಂಬ ಮೆಸೇಜುಗಳೂ ಬರುತ್ತವೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀಸು ಎಂದು ಯಾರು ಕೇಳಿದರೂ ಅಲ್ಲಿಗೆ ಮಾತು ಮುಗಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮರ್ಯಾದೆಗೆ ಅಂಜಿ ತಡ ಮಾಡಿದಷ್ಟೂ ದುಡ್ಡು ಸಿಗುವುದು ಕಷ್ಟ.

ಜನವರಿಯಿಂದ ಮಾರ್ಚ್: ಇಂಟರ್‌ವ್ಯೂ, ಸಂಬಳ

"ಟೀಚಿಂಗ್ ಯಾಕೆ ಬಿಡುತ್ತಿದ್ದೀರಿ?" ಎಲ್ಲರೂ ಕೇಳುತ್ತಾರೆ. ಶಾಲೆಯ ಮೇಲಿನ ಸಿಟ್ಟೆಲ್ಲ ಕಕ್ಕಬೇಡಿ. ಜುಲೈನ ನೋಟ್‌ಬುಕ್ಕೇ ಉತ್ತರ. "ಪಾಠ ಕಟ್ಟುವುದು ನನಗೆ ಜಾಸ್ತಿ ಇಷ್ಟ, ಅದನ್ನೇ ದಿನವಿಡೀ ಮಾಡುವ ಕೆಲಸ ಹುಡುಕುತ್ತಿದ್ದೇನೆ, ಇದು ನಾನು ಮಾಡಿದ ಸ್ಯಾಂಪಲ್." ಮೂರು ವಾಕ್ಯ ಸಾಕು. ಶಿಕ್ಷಕರು ಉತ್ತರ ಕೊಡುವಾಗ ಪಾಠ ಮಾಡಲು ಶುರು ಮಾಡುತ್ತಾರೆ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆಗೆ 11 ನಿಮಿಷ ಮಾತಾಡಿ, ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳಿಬಿಟ್ಟೆ. ಕೆಲಸ ಸಿಗಲಿಲ್ಲ.

ಎಷ್ಟೋ ಕಡೆ ಟೆಸ್ಟ್ ಕೆಲಸ ಕೊಡುತ್ತಾರೆ. ಒಂದು ಸಂಜೆಯ ಕೆಲಸವಾದರೆ ಮಾಡಿ. 40 ಸ್ಕ್ರೀನಿನ ಪೂರ್ತಿ ಕೋರ್ಸ್ ಕೇಳಿದರೆ ಅದು ಟೆಸ್ಟ್ ಅಲ್ಲ, ಪುಕ್ಕಟೆ ದುಡಿಮೆ.

ಸಂಬಳದ ಮಾತಿಗೆ ಮೊದಲು ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಏನೆಂದು ಅರ್ಥ ಮಾಡಿಕೊಳ್ಳಿ. ವರ್ಷಕ್ಕೆ 4,80,000 ಎಂದರೆ ತಿಂಗಳಿಗೆ 40,000 ಕೈಗೆ ಬರುವುದಿಲ್ಲ. ಒಂದು ಉದಾಹರಣೆ ಹಾಕೋಣ. ಅದರಲ್ಲಿ ಶೇ. 10 ವೇರಿಯಬಲ್ ಪೇ (ಕೆಲಸ ನೋಡಿ ಆಮೇಲೆ ಕೊಡುವ ಭಾಗ) ಆದರೆ 4,000 ಹೋಯಿತು. ಕಂಪನಿ ಕಟ್ಟುವ ಪಿಎಫ್ 1,800 ಕೂಡ ಸಿಟಿಸಿಯ ಒಳಗೇ ಇರುತ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಇಡುಗಂಟಿಗೆ ಎಂದು ಮೂಲವೇತನದ ಶೇ. 4.81 ಎತ್ತಿಡುತ್ತಾರೆ, ಮೂಲವೇತನ 20,000 ಇದ್ದರೆ 962. ಆಮೇಲೆ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಉಳಿಯುವುದು 31,238. ಆದ್ದರಿಂದ "ಕೈಗೆ ಎಷ್ಟು ಬರುತ್ತದೆ?" ಎಂದೇ ಕೇಳಿ. ಹಳೆಯ ಸಂಬಳ ಎಷ್ಟು ಎಂದರೆ ಸುಳ್ಳು ಬೇಡ, ಸ್ಯಾಲರಿ ಸ್ಲಿಪ್ ಕೇಳುತ್ತಾರೆ. "ಶಾಲೆಯ ಸಂಬಳವನ್ನು ಈ ಕೆಲಸಕ್ಕೆ ಹೋಲಿಸಲು ಆಗುವುದಿಲ್ಲ, ನನ್ನ ನಿರೀಕ್ಷೆ ಇಷ್ಟು" ಎಂದು ಹೇಳಿ ಸುಮ್ಮನಾಗಿ. ಸುಮ್ಮನಾಗುವುದೇ ನಮಗೆ ಕಷ್ಟ.

ಏಪ್ರಿಲ್: ಬಿಡುವಾಗ ಕಾಗದಪತ್ರ

ಆಫರ್ ಲೆಟರ್ ಕೈಗೆ ಬಂದ ಮೇಲೇ ರಾಜೀನಾಮೆ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನೇಮಕಾತಿ ಆದೇಶ ತೆಗೆದು ನೋಟಿಸ್ ಅವಧಿ ಎಷ್ಟು, ವರ್ಷದ ನಡುವೆ ಬಿಟ್ಟರೆ ಏನು ಎಂದು ಓದಿ. ಹೊಸ ಕಂಪನಿಗೆ ಪರೀಕ್ಷೆ ಮುಗಿದ ಮೇಲಿನ ದಿನಾಂಕ ಹೇಳಿ. ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ ಎಂದರೆ ಒಪ್ಪುತ್ತಾರೆ. ನನಗೆ ಒಂದೂವರೆ ತಿಂಗಳು ಕಾದರು.

ನಾನು ಮಾಡಿದ ತಪ್ಪು ಕೇಳಿ. ಸೇರುವಾಗ ಮಾರ್ಕ್ಸ್ ಕಾರ್ಡುಗಳ ಒರಿಜಿನಲ್ ಶಾಲೆಗೆ ಕೊಟ್ಟಿದ್ದೆ. ಬಿಡುತ್ತೇನೆ ಎಂದಾಗ ಅವು ಬೀರುವಿನಿಂದ ಹೊರಗೆ ಬರಲು ಐದು ವಾರ ಹಿಡಿಯಿತು, ಏಪ್ರಿಲ್ ಸಂಬಳವೂ ನಿಂತಿತು. ನೀವು ನವೆಂಬರ್‌ನಲ್ಲೇ "ಬ್ಯಾಂಕ್ ಸಾಲಕ್ಕೆ ಬೇಕು" ಎಂದೋ ಏನೋ ಹೇಳಿ ಒರಿಜಿನಲ್ ಮನೆಗೆ ತಂದಿಟ್ಟುಕೊಳ್ಳಿ. ರಾಜೀನಾಮೆಯನ್ನು ಇಮೇಲ್‌ನಲ್ಲೂ ಕಳಿಸಿ, ಕೈಯಲ್ಲಿ ಕೊಟ್ಟ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ರಿಲೀವಿಂಗ್ ಲೆಟರ್, ಅನುಭವ ಪ್ರಮಾಣಪತ್ರ, ಕೊನೆಯ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಇವಿಷ್ಟನ್ನೂ ಪಡೆಯದೆ ಕೊನೆಯ ದಿನ ಗೇಟ್ ದಾಟಬೇಡಿ.

ಪಿಎಫ್. ಹೊಸ ಕಂಪನಿಯಲ್ಲಿ ಹಳೆಯ ಯುಎಎನ್ (ಪಿಎಫ್ ಗುರುತಿನ) ಸಂಖ್ಯೆಯನ್ನೇ ಕೊಟ್ಟು ಹಣ ವರ್ಗಾಯಿಸಿಕೊಳ್ಳಿ. ತೆಗೆದು ಖರ್ಚು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಪಿಎಫ್ ಪಿಂಚಣಿಗೆ ಒಟ್ಟು 10 ವರ್ಷ ಸೇವೆ ಬೇಕು. ಎಂಟು ವರ್ಷ ದುಡಿದವರು ಎಲ್ಲ ತೆಗೆದುಕೊಂಡರೆ ಆ ಎಂಟು ವರ್ಷ ಲೆಕ್ಕಕ್ಕೆ ಸಿಗುವುದಿಲ್ಲ. ಪೋರ್ಟಲ್‌ನಲ್ಲಿ ಸೇವೆ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಶಾಲೆ ಹಾಕದಿದ್ದರೆ ಕೊನೆಯ ಕಂತು ಕಟ್ಟಿದ ಎರಡು ತಿಂಗಳ ನಂತರ ನೀವೇ ಹಾಕಬಹುದು. ಹೆಸರಿನ ತಕರಾರನ್ನೂ ಮೊದಲೇ ಸರಿಮಾಡಿಸಿ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಿಎಫ್‌ನಲ್ಲಿ ಎರಡೂ ಅಲ್ಲದ ಇನ್ನೊಂದು. ನಮ್ಮ ಸ್ಟಾಫಿನಲ್ಲಿ ಅರ್ಧ ಹೆಂಗಸರ ಕಥೆ ಇದೇ ಆಗಿತ್ತು.

ಗ್ರಾಚ್ಯುಟಿ. ಖಾಸಗಿ ಶಾಲೆ ಶಿಕ್ಷಕರಿಗೆ ಇದು ಇಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಇದೆ. 1972ರ ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಶಿಕ್ಷಕರನ್ನು ಸೇರಿಸಿದರು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವ ಹಾಗೆ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಐದು ವರ್ಷ ಬಿಡದೆ ದುಡಿದಿದ್ದರೆ ನೀವು ಹಕ್ಕುದಾರರು. ಲೆಕ್ಕ ಸುಲಭ: ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ (ಡಿಎ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 26,000 ಇದ್ದು 11 ವರ್ಷ ದುಡಿದವರಿಗೆ 1,65,000. ಬಾಯಿಮಾತಿನಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು. ನಾನು ಅರ್ಜಿ ಕೊಟ್ಟ ಮೇಲೆ, ಅಲ್ಲಿಂದ ಮೊದಲೇ ಬಿಟ್ಟಿದ್ದ ಇಬ್ಬರೂ ಕೊಟ್ಟರು. ಮೂವರಿಗೂ ಬಂತು, ತಡವಾಗಿ.

ಸರ್ಕಾರಿ ಶಿಕ್ಷಕರಿಗೆ ಒಂದು ಮಾತು. ನಿಮ್ಮ ಲೆಕ್ಕವೇ ಬೇರೆ. ರಾಜೀನಾಮೆ ಮತ್ತು ಸ್ವಯಂ ನಿವೃತ್ತಿ ಒಂದೇ ಅಲ್ಲ, ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯ ಸೌಲಭ್ಯ ಕೈತಪ್ಪುತ್ತದೆ. ಪತ್ರದಲ್ಲಿ ಯಾವ ಪದ ಬರೆಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. 2006ರ ಏಪ್ರಿಲ್ 1ರ ನಂತರ ಸೇರಿದವರು ಎನ್‌ಪಿಎಸ್ ಪಿಂಚಣಿ ಖಾತೆಯಲ್ಲಿ ಎಷ್ಟಿದೆ, ಎಷ್ಟು ಕೈಗೆ ಸಿಗುತ್ತದೆ ಎಂದು ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಬೇರೆ ಸರ್ಕಾರಿ ಹುದ್ದೆಗೆ ಹೋಗುವವರು ಇಲಾಖೆಯ ಅನುಮತಿ ಪಡೆದೇ ಅರ್ಜಿ ಹಾಕಿ. ಎಲ್ಲಕ್ಕಿಂತ ಮೊದಲು, ಇಲಾಖೆಯ ಒಳಗೇ ಸಿಆರ್‌ಪಿ, ಬಿಆರ್‌ಪಿ, ಡಯಟ್ ಕೆಲಸಗಳಿವೆ (ಮೊದಲೆರಡು ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಹುದ್ದೆಗಳು, ಡಯಟ್ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆ), ತರಗತಿಯಿಂದ ದೂರ ಇದ್ದರೆ ಹೇಗಿರುತ್ತದೆ ಎಂದು ಅಲ್ಲಿ ನೋಡಿಕೊಳ್ಳಬಹುದು. ಖಾಯಂ ಸರ್ಕಾರಿ ಕೆಲಸ ಬಿಡಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

ಸೇರಿದ ಮೇಲಿನ ಮೊದಲ ಮೂರು ತಿಂಗಳು

ನೀವು ಒಳಗೆ ಬಂದಾಗ ಯಾರೂ ಎದ್ದು ನಿಲ್ಲುವುದಿಲ್ಲ. ತಮಾಷೆ ಅನ್ನಿಸಬಹುದು, ಆದರೆ ಮೊದಲ ವಾರ ಇದು ನಿಜವಾಗಿಯೂ ಚುಚ್ಚುತ್ತದೆ. 26 ವರ್ಷದ ಟೀಮ್ ಲೀಡ್ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾಳೆ, ನೀವು ಬರೆದದ್ದರ ಮೇಲೆ 43 ಕಾಮೆಂಟ್ ಹಾಕುತ್ತಾಳೆ. ಇಷ್ಟು ವರ್ಷ ಕೆಂಪು ಪೆನ್ನು ನಮ್ಮ ಕೈಯಲ್ಲಿತ್ತು. ನಾನು ಆ ಕಾಮೆಂಟುಗಳನ್ನು ಒಂದು ಹಾಳೆಯಲ್ಲಿ ಬಗೆ ಪ್ರಕಾರ ವಿಂಗಡಿಸಿದೆ. 43ರಲ್ಲಿ 19 ಒಂದೇ ಬಗೆಯವು, ವಾಕ್ಯ ಉದ್ದ ಎಂದು. ಮಕ್ಕಳ ಉತ್ತರಪತ್ರಿಕೆಯಲ್ಲಿ ಸಾಮಾನ್ಯ ತಪ್ಪುಗಳ ಪಟ್ಟಿ ಮಾಡುವ ಹಾಗೆಯೇ. ಎರಡನೇ ಪ್ರಾಜೆಕ್ಟಿಗೆ 43 ಹೋಗಿ 17 ಆಯಿತು.

ಮೀಟಿಂಗಿನಲ್ಲಿ ದನಿ ಸ್ವಲ್ಪ ತಗ್ಗಿಸಿ, 60 ಮಕ್ಕಳ ಕ್ಲಾಸಿನ ದನಿ ಅಲ್ಲಿ ಜಗಳದಂತೆ ಕೇಳುತ್ತದೆ. ಹೇಳಿದ್ದನ್ನೇ ಮೂರು ಸಲ ಹೇಳುವ ಅಭ್ಯಾಸವನ್ನೂ ಬಿಡಬೇಕು. ಗೊತ್ತಿಲ್ಲ ಎಂದು ಬೇಗ ಹೇಳುವುದನ್ನು ಕಲಿಯಿರಿ. ಕ್ಲಾಸಿನಲ್ಲಾದರೆ "ನಾಳೆ ಹೇಳ್ತೀನಿ" ಎಂದು ಜಾರಿಕೊಳ್ಳಬಹುದಿತ್ತು, ಇಲ್ಲಿ ಆ ಒಂದು ದಿನಕ್ಕೂ ಲೆಕ್ಕ ಇದೆ.

ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಸರ್ಟಿಫಿಕೇಟ್, ಬಿ.ಎಡ್ ಅಂಕಪಟ್ಟಿ, ಅನುಭವ ಪತ್ರ ಮೂರನ್ನೂ ಒಂದೇ ಫೈಲಿನಲ್ಲಿ ಜೋಪಾನ ಮಾಡಿ. ಟಿಇಟಿ ಈಗ ಜೀವನಪರ್ಯಂತ ಮಾನ್ಯ, ವಾಪಸ್ ಹೋಗಬೇಕು ಅನ್ನಿಸಿದರೆ ಬೇಕಾಗುತ್ತದೆ. ನನ್ನ ಫೈಲು ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಮೊದಲ ವರ್ಷದ ಜೂನ್‌ನಲ್ಲಿ, ಮಳೆ ಹಿಡಿದ ಒಂದು ಸೋಮವಾರ, ಬಸ್ ಸ್ಟಾಪಿನಲ್ಲಿ ಹೊಸ ಬ್ಯಾಗಿನ ಮಕ್ಕಳನ್ನು ನೋಡಿದ ದಿನ ಅದನ್ನು ಒಂದು ಸಲ ಹೊರಗೆ ತೆಗೆದಿದ್ದೆ. ಮತ್ತೆ ಅಲ್ಲೇ ಇಟ್ಟೆ. ಆ ವಾರ ಬ್ಯಾಂಕಿನವರ ಕೋರ್ಸ್ ಒಂದನ್ನು ಮುಗಿಸಿ ಕೊಡಬೇಕಿತ್ತು.